ಕೇಳಿದ್ದು ಯಾರು, ಡಾಕ್ಟ್ರೇ?

"ಮೇಡಂ, ನಾನು ಬರೆದ ಫೈಲಿನಲ್ಲಿ ಪೆನ್ಸಿಲಿಂದ ಪ್ರಶ್ನೆ ಚಿಹ್ನೆ ಹಾಕಿದ್ದು ನೀವಂತೆ?"

"ನಾನೇ. 'ಮಾತು: ತೃಪ್ತಿಕರ' ಅಂತ ಬರೆದಿದ್ರಲ್ಲ, ತೃಪ್ತಿ ಆಗಿದ್ದು ಯಾರಿಗೆ ಅಂತ ತಿಳೀಲಿಲ್ಲ."

ಕ್ಯಾನ್ಸರ್ ಆಸ್ಪತ್ರೆಯೊಂದರ ವಾಕ್ ಚಿಕಿತ್ಸಾ ವಿಭಾಗ. ವಿಭಾಗ ಎಂದರೆ ದೊಡ್ಡದೇನಲ್ಲ. ಒಂದು ಕೋಣೆ, ಸದ್ದು ಹೀರಲೆಂದು ಗೋಡೆಗೆ ಇಳಿಬಿಟ್ಟ ದಪ್ಪ ಪರದೆ, ಒಂದು ಕಂಪ್ಯೂಟರ್, ಮೇಜಿನ ಮೇಲೆ ಅಂಗೈ ಅಗಲದ ಕನ್ನಡಿ. ಒಳಗೆ ಕುಳಿತಿರುವ ಹಿರಿಯ ವಾಕ್ ಚಿಕಿತ್ಸಕಿ ನಿವೃತ್ತಿಗೆ ಹತ್ತಿರವಾದವರು. ಬಾಗಿಲಲ್ಲಿ ನಿಂತ ತರುಣ, ತಲೆ ಮತ್ತು ಕತ್ತಿನ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿ ಪಡೆಯುತ್ತಿರುವ ಡಾಕ್ಟರು. ಜಗಳಕ್ಕೆ ಬಂದವರ ಮುಖ, ಆದರೆ ಕೈಯಲ್ಲಿ ಎರಡು ಲೋಟ ಕಾಫಿ.

"ರೋಗಿಯನ್ನ ನಾನೇ ಮಾತಾಡಿಸಿದೆ ಮೇಡಂ. ಊಟ ಆಯ್ತಾ ಅಂದೆ, ಆಯ್ತು ಅಂದ್ರು. ನೋವಿದೆಯಾ ಅಂದೆ, ಇಲ್ಲ ಅಂದ್ರು. ಮುಂದಿನ ವಾರ ಬನ್ನಿ ಅಂದೆ, ಸರಿ ಸಾರ್ ಅಂದ್ರು. ಎಲ್ಲಾನೂ ಅರ್ಥ ಆಯ್ತು."

"ಊಂ, ಊಹೂಂ ಅಂದಿದ್ರೂ ಅರ್ಥ ಆಗ್ತಿತ್ತು. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇತ್ತಲ್ಲ. ಅವರು ಇಲ್ಲಿಂದ ಕೆಳಗಿಳಿದು ಹೋಗಿ ಬಸ್ಸಲ್ಲಿ ಟಿಕೆಟ್ ಕೇಳಿದಾಗ ಕಂಡಕ್ಟರಿಗೆ ಏನು ಕೇಳಿಸ್ತು ಅನ್ನೋದು ನನಗೆ ಬೇಕು. ಕೂತ್ಕೊಳಿ. ಈ ಹೆಡ್‌ಫೋನ್ ಹಾಕ್ಕೊಳಿ. ಫ್ಯಾನ್ ಆರಿಸಿ."

ಡಾಕ್ಟರು ಕುಳಿತರು. ಹಿರಿಯಾಕೆ ಒಂದು ಬಿಳಿ ಹಾಳೆ ಕೊಟ್ಟು, ಒಂದರಿಂದ ಹತ್ತರವರೆಗೆ ಅಂಕಿ ಹಾಕಿಸಿದರು. ಕೇಳಿಸಲಿರುವುದು ಬೇರೊಬ್ಬ ರೋಗಿಯ ದನಿ. ಬಾಯಿಯ ತಳ ಮತ್ತು ನಾಲಿಗೆಯ ಮುಂಭಾಗ ತೆಗೆದು, ಮುಂಗೈಯ ಚರ್ಮದ ತುಂಡು (ಫ್ಲ್ಯಾಪ್) ತಂದು ಹೊಲಿದ ಕೇಸು; ಆಮೇಲೆ ಊರಿನವರು 'ಕರೆಂಟ್ ಕೊಡಿಸೋದು' ಎನ್ನುವ ರೇಡಿಯೇಷನ್ ಕೂಡ ಆಗಿದೆ. ಕಲಿಸುವುದಕ್ಕೆ ಬಳಸಿಕೊಳ್ಳಿ ಎಂದು ರೋಗಿ ಬರೆದುಕೊಟ್ಟಿದ್ದಾರೆ. ಮೈಕನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಇಟ್ಟು ರೆಕಾರ್ಡ್ ಮಾಡಿದ್ದು. ನೇರ ಇಟ್ಟರೆ 'ಪ' ಎನ್ನುವಾಗಿನ ಗಾಳಿ ಮೈಕಿಗೆ ಬಡಿದು ಉಳಿದದ್ದೆಲ್ಲ ಮಸುಕಾಗುತ್ತದೆ.

ಹತ್ತು ಪದ ಮುಗಿದವು. ಡಾಕ್ಟರ ಹಾಳೆಯಲ್ಲಿ ಇದ್ದದ್ದು: ಹಕ್ಕಿ, ಮನೆ, ಕಾಗೆ, ಬೆಲೆ, ಖಾಲಿ ಜಾಗ, ಅಪ್ಪ, ಕಕ್ಕೆ, ಬಾರ, ಬೆಕ್ಕು, ಕಾಲು.

ರೋಗಿ ಓದಿದ್ದು: ಹತ್ತಿ, ಮಣೆ, ಕಾಗೆ, ಬೆಳೆ, ಸೀರೆ, ಅಪ್ಪ, ತಟ್ಟೆ, ದಾರ, ಬೆಕ್ಕು, ಕಾಳು.

"ಹತ್ತಕ್ಕೆ ಮೂರು," ಎಂದರು ಹಿರಿಯಾಕೆ. "ಈಗ ಅದೇ ರೆಕಾರ್ಡಿಂಗ್ ಇನ್ನೊಂದ್ಸಲ. ಈ ಸಲ ಪ್ರತಿ ಪದಕ್ಕೂ ನಾಲ್ಕು ಆಯ್ಕೆ ಕೊಡ್ತೀನಿ. ಐದನೇದು ಸೀರೆನೋ, ಚೀಲಾನೋ, ಶಾಲೆನೋ, ಚೇಳೋ?"

ಎರಡನೇ ಸಲ ಎಂಟು ಬಂತು.

"ಹಾಗಾದ್ರೆ ಮಾತಿನ ಸ್ಪಷ್ಟತೆ ಶೇಕಡಾ 30ಓ, 80ಓ?"

"ಎರಡೂ. ಒಂದೇ ಬಾಯಿ, ಒಂದೇ ರೆಕಾರ್ಡಿಂಗ್, ಒಂದೇ ಕಿವಿ. ಕೇಳಿಸಿಕೊಂಡ ರೀತಿ ಬೇರೆ. ಅದೂ ಅಲ್ದೆ ಎರಡನೇ ಸಲಕ್ಕೆ ನಿಮ್ಮ ಕಿವಿ ಆ ದನಿಗೆ ಅರ್ಧ ಪಳಗಿತ್ತು, ಸರಿ ಉತ್ತರಾನೂ ನನ್ನ ಬಾಯಿಂದಲೇ ಕೇಳಿದ್ರಿ. ಹಾಗಾಗಿ ಆ ಎಂಟನ್ನ ನಾನು ಲೆಕ್ಕಕ್ಕೇ ತಗೊಳಲ್ಲ. ನಿಜವಾದ ಪರೀಕ್ಷೆಯಲ್ಲಿ ಎರಡನೇ ಸಲಕ್ಕೆ ಬೇರೆ ಕಿವಿ ಬೇಕು."

ಡಾಕ್ಟರು ಹಾಳೆಯನ್ನೇ ನೋಡುತ್ತಿದ್ದರು. ತಪ್ಪಾದ ಏಳರಲ್ಲೂ ಒಂದು ಕ್ರಮ ಇದೆ ಎಂದು ಅವರಿಗೆ ಹೊಳೆದದ್ದು ಆಗ. ತಿದ್ದಿಕೊಂಡು ಓದಿದರು: ತ ಹೋಗಿದೆ, ಟ ಹೋಗಿದೆ, ಣ, ಳ, ದ, ಸ ಹೋಗಿವೆ. ಕ, ಗ, ಪ, ಬ ಕೂದಲೂ ಕೊಂಕಿಲ್ಲ.

"ನಮ್ಮ ವರ್ಣಮಾಲೆ ಗಂಟಲಿಂದ ಹೊರಟು ತುಟಿಗೆ ಬಂದು ಮುಗಿಯುತ್ತೆ ಅಲ್ವಾ? ಕ ಸಾಲು ನಾಲಿಗೆಯ ಹಿಂಭಾಗದ್ದು, ಪ ಸಾಲು ತುಟಿದು. ಈ ರೋಗಿಗೆ ಮೊದಲ ಸಾಲು, ಕೊನೇ ಸಾಲು ಉಳಿದಿವೆ. ನಡುವಿನ ಟ, ತ ಸಾಲು ಕುಸಿದಿವೆ. ಆಪರೇಷನ್ ನೋಟ್ಸ್ ಓದದೆ, ಬರೀ ತಪ್ಪುಗಳ ಪಟ್ಟಿ ನೋಡಿ, ನೀವು ಎಲ್ಲಿ ಕತ್ತರಿಸಿದ್ದೀರಿ ಅಂತ ನಾನು ಹೇಳಬಹುದು."

"ಆದ್ರೆ ತ ಬದಲು ಕ ಯಾಕೆ ಬಂತು?"

"ತುದಿ ಇಲ್ಲ. ಆದ್ರೂ ಎಲ್ಲೋ ಒಂದು ಕಡೆ ಗಾಳಿ ತಡೀಲೇಬೇಕು. ಕೆಲವರು ಉಳಿದ ಹಿಂಭಾಗ ಎತ್ತಿ ತಡೀತಾರೆ, ನಮಗೆ ಕ ಥರ ಕೇಳುತ್ತೆ. ಕೆಲವರು ಕೆಳತುಟಿ ಹಲ್ಲಿಗೆ ಒತ್ತಿ ತಡೀತಾರೆ, ಪ ಥರ ಕೇಳುತ್ತೆ. ನಿಮ್ಮ ಹಾಳೆಯಲ್ಲಿ ಎರಡೂ ಇವೆ. ಹತ್ತಿ ಹಕ್ಕಿ ಆಗಿದೆ, ದಾರ ಬಾರ ಆಗಿದೆ. ಬಾಯಿ ತಾನಾಗೇ ಕಂಡುಕೊಂಡ ಅಡ್ಡದಾರಿಗಳು. ಅವನ್ನ ತಪ್ಪು ಅಂತ ಬರೆದು ಬಿಟ್ಟುಬಿಡಬಾರದು. ಚಿಕಿತ್ಸೆ ಅಲ್ಲಿಂದಲೇ ಶುರು."

ನಾಲಿಗೆ ಇಲ್ಲದ ಮಾತು ಹೊಸ ಅಚ್ಚರಿಯೇನೂ ಅಲ್ಲ. ಫ್ರಾನ್ಸಿನಲ್ಲಿ 1630ರಲ್ಲೇ ರೋಲಾಂ ಎಂಬ ಶಸ್ತ್ರವೈದ್ಯ, ಸಿಡುಬಿನಿಂದ ನಾಲಿಗೆ ಕಳೆದುಕೊಂಡೂ ಮಾತಾಡುತ್ತಿದ್ದ ಹುಡುಗನ ಬಗ್ಗೆ ಪುಸ್ತಕ ಬರೆದಿದ್ದ. 1718ರಲ್ಲಿ ಆಂಟ್ವಾನ್ ದ ಜುಸ್ಯೂ ಎಂಬ ವಿಜ್ಞಾನಿ ಪೋರ್ಚುಗಲ್‌ನಲ್ಲಿ ಕಂಡ, ಹುಟ್ಟಿನಿಂದಲೇ ನಾಲಿಗೆಯಿಲ್ಲದ ಹುಡುಗಿಯ ಮಾತನ್ನು ವಿವರಿಸಿದ. ಐದನೇ ಶತಮಾನದಲ್ಲಿ ವ್ಯಾಂಡಲರ ರಾಜ ಹ್ಯೂನೆರಿಕ್ ಉತ್ತರ ಆಫ್ರಿಕದ ಕ್ರೈಸ್ತರ ನಾಲಿಗೆ ಕೀಳಿಸಿದ ಮೇಲೂ ಅವರು ಮಾತಾಡಿದರೆಂಬ ಕಥೆ ಬಹುಕಾಲ ಪವಾಡವೆಂದೇ ಚಲಾವಣೆಯಲ್ಲಿತ್ತು. 1873ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಟ್ವಿಸಲ್‌ಟನ್ ಅದನ್ನೇ ಕೈಗೆತ್ತಿಕೊಂಡು, ಮಾತಿಗೆ ನಾಲಿಗೆ ಅನಿವಾರ್ಯವಲ್ಲ, ಪವಾಡದ ಮಾತೇ ಬೇಡ ಎಂದು ಇಡೀ ಪುಸ್ತಕ ಬರೆದ. ತುಟಿ, ಕೆನ್ನೆ, ದವಡೆ, ಗಂಟಲಿನ ಗೋಡೆ ಎಲ್ಲವೂ ಸೇರಿ ಒಂದಷ್ಟು ಕೆಲಸ ಹಂಚಿಕೊಳ್ಳುತ್ತವೆ. ಎಷ್ಟು ಹಂಚಿಕೊಂಡವು ಎಂದು ಅಳೆಯುವುದೇ ಕಷ್ಟದ ಭಾಗ.

ಡಾಕ್ಟರು ಈಗ ತಮ್ಮ ಕಡೆಯ ವಾದ ತೆಗೆದರು. "ನಾವೂ ಸುಮ್ನೆ ಕತ್ತರಿಸಿ ಹೊಲಿದು ಕಳಿಸಲ್ಲ ಮೇಡಂ. ಮುಂಗೈ ಫ್ಲ್ಯಾಪ್ ತೆಳ್ಳಗೆ, ಮೆತ್ತಗೆ ಇರುತ್ತೆ. ಚೀನಾದ ಸರ್ಜನ್‌ಗಳು 1980ರ ಆಸುಪಾಸಿನಲ್ಲಿ ಅದನ್ನ ತೋರಿಸಿಕೊಟ್ಟ ಮೇಲೆ ನಾಲಿಗೆ ಕಟ್ಟೋ ಕೆಲಸದ ರೂಪಾನೇ ಬದಲಾಯ್ತು. ಎದೆಯ ಮಾಂಸದ ಫ್ಲ್ಯಾಪ್ ಇದೆಯಲ್ಲ, 1979ರಲ್ಲಿ ಆರಿಯನ್ ಬರೆದದ್ದು, ಅದು ದಪ್ಪ, ಭಾರ, ಕೆಳಕ್ಕೆ ಜಗ್ಗುತ್ತೆ. ಆದ್ರೂ ನಮ್ಮಲ್ಲಿ ಜಾಸ್ತಿ ಅದೇ. ಮೈಕ್ರೋಸ್ಕೋಪ್ ಇಟ್ಟುಕೊಂಡು ರಕ್ತನಾಳ ಜೋಡಿಸಬೇಕಾಗಿಲ್ಲ, ಖರ್ಚೂ ಕಡಿಮೆ, ಆಪರೇಷನ್ ಬೇಗ ಮುಗಿಯುತ್ತೆ."

"ಒಳ್ಳೇದೇ. ಆದ್ರೆ ಮುಂಗೈದಾದರೂ ಎದೆದಾದರೂ ಆ ತುಂಡು ತಾನಾಗಿ ಅಲುಗಲ್ಲ. ಜಾಗ ತುಂಬುತ್ತೆ ಅಷ್ಟೆ. ಅಲುಗೋದು ಉಳಿದ ನಾಲಿಗೆ. 1998ರಲ್ಲಿ ಅಮೆರಿಕದ ಮೆಕಾನಲ್, ಪೌಲೋಸ್ಕಿ, ಲೋಗಮನ್ ಗುಂಪು ಹೋಲಿಸಿ ನೋಡ್ತು. ಎಲ್ಲಿ ಅಂಚಿಗೆ ಅಂಚು ಸೇರಿಸಿ ಹೊಲಿಯೋಕೆ ಸಾಧ್ಯವೋ ಅಲ್ಲಿ ಹಾಗೇ ಹೊಲಿದವರ ಮಾತು, ಫ್ಲ್ಯಾಪ್ ಹಾಕಿಸಿಕೊಂಡವರಿಗಿಂತ ಕಡಿಮೆ ಇರಲಿಲ್ಲ. ಕೆಲವು ಅಳತೆಯಲ್ಲಿ ಮೇಲೇ ಇತ್ತು. ಅಳೆದದ್ದರಿಂದ ಗೊತ್ತಾಯ್ತು. 'ತೃಪ್ತಿಕರ' ಅಂತ ಬರೆದಿದ್ದರೆ ಎರಡು ಗುಂಪೂ ತೃಪ್ತಿಕರವೇ."

"ಇಡೀ ನಾಲಿಗೆ ಹೋದಾಗ ಮಾತ್ರ ದಪ್ಪ ಫ್ಲ್ಯಾಪೇ ಬೇಕು."

"ಬೇಕೇಬೇಕು. ಅಂಗುಳಕ್ಕೆ ತಾಗೋಷ್ಟು ಎತ್ತರ ಇಲ್ಲದಿದ್ರೆ ನಾಲಿಗೆಯ ಸದ್ದುಗಳು ಸರಿಯಾಗಿ ಹುಟ್ಟಲ್ಲ. ಆಮೇಲೆ ಅದು ಒಣಗಿ ಕುಗ್ಗುತ್ತೆ. ಆಗ ಹಲ್ಲಿನ ಡಾಕ್ಟರ ಹತ್ತಿರ ಅಂಗುಳಕ್ಕೆ ಒಂದು ದಪ್ಪ ತಟ್ಟೆ ಮಾಡಿಸ್ತೀವಿ. ನಾಲಿಗೆ ಮೇಲೇರದಿದ್ರೆ ಅಂಗುಳವೇ ಕೆಳಗಿಳಿಯುತ್ತೆ. ಅದನ್ನ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿಸಿ ರೆಕಾರ್ಡ್ ಮಾಡಿ ನೋಡಿ. ಮಾಡಿಸಿದ್ದು ಕೆಲಸಕ್ಕೆ ಬಂತೋ ಇಲ್ಲವೋ ಅಂತ ಹತ್ತು ನಿಮಿಷದಲ್ಲಿ ತಿಳಿಯುತ್ತೆ."

ಇಷ್ಟು ಹೊತ್ತು ಮಾತೆಲ್ಲ ನಾಲಿಗೆಯದೇ ಆಯಿತು. ಭಾರತದ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಕೆನ್ನೆ ಮತ್ತು ವಸಡಿನ ನಡುವಿನ ಸಂದಿಯಲ್ಲಿ, ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ ಒತ್ತಿಟ್ಟುಕೊಳ್ಳುವ ಜಾಗದಲ್ಲಿ. ಪಶ್ಚಿಮದ ಸಂಶೋಧನೆ ನಾಲಿಗೆಯ ಸುತ್ತ ಬೆಳೆದದ್ದಕ್ಕೆ ಅಲ್ಲಿನ ರೋಗವೇ ಕಾರಣ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಹೊಸ ರೋಗಿಗಳು ವರ್ಷಕ್ಕೆ 1.4 ಲಕ್ಷಕ್ಕೂ ಹೆಚ್ಚು. ಗಂಡಸರಲ್ಲಿ ಇದೇ ಮೊದಲ ಸ್ಥಾನದ ಕ್ಯಾನ್ಸರ್. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ಅದೇ ಸಂಸ್ಥೆ 2004ರಲ್ಲಿ ಪಟ್ಟಿಗೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಗುಟ್ಕಾವನ್ನು 2013ರಲ್ಲಿ ನಿಷೇಧಿಸಿದ್ದೂ ನಮ್ಮ ರಾಜ್ಯವೇ. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ಹೊಗೆಸೊಪ್ಪು ಇನ್ನೊಂದರಲ್ಲಿ ಕೊಂಡು ಅಂಗೈಯಲ್ಲೇ ಬೆರೆಸುವುದು ಹೇಗೆಂದು ಗೂಡಂಗಡಿಯ ಮುಂದೆ ನಿಂತ ಯಾರಿಗೂ ಹೇಳಿಕೊಡಬೇಕಿಲ್ಲ.

"ಕೆನ್ನೆಯ ಕೇಸಿನಲ್ಲಿ ನಾಲಿಗೆಗೆ ಏನೂ ಆಗಿರಲ್ಲ. ಹಾಗಾದ್ರೆ ಮಾತು ಯಾಕೆ ಕೆಡುತ್ತೆ?" ಡಾಕ್ಟರು ಕೇಳಿದರು.

ಹಿರಿಯಾಕೆ ಮೂರು ಬೆರಳು ಒಟ್ಟು ಮಾಡಿ, ಉದ್ದಕ್ಕೆ ನಿಲ್ಲಿಸಿ, ತಮ್ಮ ಮೇಲಿನ ಕೆಳಗಿನ ಹಲ್ಲುಗಳ ನಡುವೆ ಇಟ್ಟು ತೋರಿಸಿದರು. ಬೆರಳು ತೆಗೆದು, "ಇಷ್ಟು ತೆರೀಬೇಕು. 35 ಮಿಲಿಮೀಟರಿಗಿಂತ ಕಡಿಮೆ ಆದ್ರೆ ಬಾಯಿ ಕಟ್ಟಿದೆ ಅಂತ ಲೆಕ್ಕ. ಗುಟ್ಕಾ ತಿಂದು ತಿಂದು ಎಷ್ಟೋ ಜನಕ್ಕೆ ಆಪರೇಷನ್ನಿಗೆ ಮುಂಚೇನೇ ಒಂದೂವರೆ ಬೆರಳು. ಆಮೇಲೆ ಕೆನ್ನೆ ತೆಗೀತೀರಿ, ದವಡೆ ಮೂಳೆ ತೆಗೀತೀರಿ, ಕರೆಂಟ್ ಕೊಟ್ಟ ಮೇಲೆ ಚರ್ಮ ಬಿಗಿಯುತ್ತೆ, ಜೊಲ್ಲು ಒಣಗುತ್ತೆ. ತುಟಿಯ ಮೂಲೆ ಹೋಗಿದ್ರೆ ಪ, ಬ, ಮ ಮೂರಕ್ಕೂ ಬಾಗಿಲು ಮುಚ್ಚಲ್ಲ. 'ಆ' ಅನ್ನೋಕೇ ಬಾಯಿ ತೆರೆಯದವರು 'ಆ' ಅಂದ್ರೆ ಬೇರೇನೋ ಕೇಳುತ್ತೆ" ಎಂದರು.

"ಮೇಲ್ದವಡೆ ಆದ್ರೆ?"

ಮೇಜಿನ ಕನ್ನಡಿ ಬಂದದ್ದು ಈಗ. ಮೂಗಿನ ಕೆಳಗೆ ಹಿಡಿದು 'ಪಾಪ, ಪಾಪ' ಅನ್ನಿಸುತ್ತಾರೆ. ಕನ್ನಡಿ ಮಸುಕಾದರೆ ಬಾಯಿಂದ ಹೋಗಬೇಕಾದ ಗಾಳಿ ಮೂಗಿನಿಂದ ಸೋರುತ್ತಿದೆ ಎಂದರ್ಥ. ಮೇಲ್ದವಡೆ ತೆಗೆದಾಗ ಅಂಗುಳದಲ್ಲಿ ಉಳಿದ ತೂತು ಮುಚ್ಚಲು ಮಾಡಿಸಿದ ಕಟ್ಟು ಸರಿ ಕೂತಿಲ್ಲ. ಮೂಗಿನ ದನಿ, ಬಾಯಿಯ ದನಿ ಎರಡನ್ನೂ ಬೇರೆಬೇರೆ ಮೈಕಿನಿಂದ ಹಿಡಿದು ಪ್ರಮಾಣ ಹೇಳುವ ಯಂತ್ರವೂ ಇದೆ. ಕನ್ನಡಿಗೆ ಕರೆಂಟ್ ಬೇಕಿಲ್ಲ.

"ಒಪ್ಪಿದೆ. ಆದ್ರೆ ದಿನಕ್ಕೆ ಎಂಬತ್ತು ಜನ ಓಪಿಡಿಗೆ ಬರ್ತಾರೆ. ಎಲ್ಲರಿಗೂ ಹೆಡ್‌ಫೋನ್ ಹಾಕಿ ಪದ ಬರೆಸೋಕಾಗುತ್ತಾ? ನಮಗೊಂದು ಅಂಕ ಕೊಡಿ, ಬರೀತೀವಿ."

ಡಾಕ್ಟರ ಮಾತಿನಲ್ಲಿ ಹುರುಳಿದೆ. ಹೊರಗೆ ಬೆಂಚಿನ ಮೇಲೆ ಕೂತವರು ಬೆಳಗಿನ ಜಾವದ ರೈಲಿಗೆ ಬಂದವರು, ಸಂಜೆ ಬಸ್ಸಿಗೆ ಹೊರಡಬೇಕಾದವರು. ಅವರ ಅರ್ಧ ದಿನ ಕೇಳುವ ಪರೀಕ್ಷೆ ಎಷ್ಟೇ ಶಾಸ್ತ್ರೀಯವಾದರೂ ಅಲಮಾರಿನಲ್ಲಿ ಉಳಿಯುತ್ತದೆ.

"ಅಂಕ ಇದೆ," ಎಂದರು ಹಿರಿಯಾಕೆ. "ಅಮೆರಿಕದ ಮಾರ್ಸಿ ಲಿಸ್ಟ್ 1990ರಲ್ಲಿ ತಲೆ-ಕತ್ತಿನ ಕ್ಯಾನ್ಸರಿನವರಿಗೇ ಅಂತ ಮಾಡಿದ್ದು. ಊಟ, ನಾಲ್ಕು ಜನರ ಮಧ್ಯೆ ಕೂತು ಉಣ್ಣೋದು, ಮಾತು, ಮೂರಕ್ಕೂ ನೂರರವರೆಗೆ ಅಂಕ. ಮಾತಿನದ್ದು ಐದೇ ಮೆಟ್ಟಿಲು. ಯಾವಾಗಲೂ ಅರ್ಥ ಆದ್ರೆ 100. ಒಮ್ಮೊಮ್ಮೆ ಮತ್ತೆ ಹೇಳಿಸಬೇಕಾದ್ರೆ 75. ಮುಖ ನೋಡಿಕೊಂಡೇ ಮಾತಾಡಬೇಕಾದ್ರೆ 50. ಅರ್ಥ ಆಗೋದು ಕಷ್ಟ ಅಂದ್ರೆ 25. ಆಗೋದೇ ಇಲ್ಲ, ಬರೆದು ತೋರಿಸಬೇಕು ಅಂದ್ರೆ 0. ಎರಡು ನಿಮಿಷದ ಕೆಲಸ. ಇದರಲ್ಲಿ ನನಗೆ ಹಿಡಿಸೋದು ಆ ಐವತ್ತು. ಫೋನಿನಲ್ಲಿ ಆಗಲ್ಲ, ಎದುರಿಗಾದ್ರೆ ಆಗುತ್ತೆ ಅನ್ನೋದು ರೋಗಿಯ ಬದುಕಲ್ಲಿ ದೊಡ್ಡ ಗೆರೆ. ಫೋನಿನಲ್ಲಿ ತುಟಿ ಕಾಣಲ್ಲ."

"ಹಾಗಾದ್ರೆ ನಾನು 75 ಅಂತ ಬರೆದಿದ್ರೆ ಪ್ರಶ್ನೆ ಚಿಹ್ನೆ ಬರ್ತಿರ್ಲಿಲ್ಲ?"

"ಬರ್ತಿತ್ತು. 75 ಕೊಟ್ಟವರು ಯಾರು ಅಂತ ಕೇಳ್ತಿದ್ದೆ."

ಇಲ್ಲಿ ಹಿರಿಯಾಕೆಯ ದನಿ ಸ್ವಲ್ಪ ಏರಿತು. ಹೆಂಡತಿಯನ್ನು ಕೇಳಿದರೆ ಎಲ್ಲಾ ಅರ್ಥ ಆಗುತ್ತೆ ಅನ್ನುತ್ತಾರೆ, ಸುಳ್ಳಲ್ಲ. ಮೂಗಿಗೆ ನಳಿಕೆ ಇದ್ದ ದಿನದಿಂದ ಜೊತೆಗಿದ್ದ ಕಿವಿ ಅದು. ಸರ್ಜನ್ ಕಿವಿಗೆ ತನ್ನದೇ ಕೈಕೆಲಸದ ಮೇಲೆ ಮಮತೆ. ವಾಕ್ ಚಿಕಿತ್ಸಕಿಯ ಕಿವಿಯೂ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಪಟ್ಟಿ ಮಾಡಿದವಳೇ ಅವಳು, ವರ್ಷಗಟ್ಟಲೆ ಇಂಥ ಮಾತನ್ನೇ ಕೇಳಿದವಳು. "ನನಗೆ ಈಗ ಯಾರು ಮಾತಾಡಿದ್ರೂ ಅರ್ಥ ಆಗುತ್ತೆ. ಅದಕ್ಕೇ ನಾನು ಅಂಕ ಹಾಕಲ್ಲ." ಅವರು ಹಿಡಿಯುವುದು ಕೆಳಗಿನ ಔಷಧಿ ಅಂಗಡಿಯ ಹುಡುಗ, ಲಿಫ್ಟಿನವರು, ಹೊಸದಾಗಿ ಸೇರಿದ ನರ್ಸಿಂಗ್ ವಿದ್ಯಾರ್ಥಿ, ಹೀಗೆ ರೋಗಿಯ ಮುಖ ನೋಡಿಲ್ಲದ ಮೂವರನ್ನು. ಹೆಸರು ತೆಗೆದ ರೆಕಾರ್ಡಿಂಗ್, ರೋಗಿಯ ಒಪ್ಪಿಗೆ ಪಡೆದದ್ದು. ಕೇಳಿದ್ದನ್ನು ಬರೆಯುವುದು, ಬರೆದದ್ದರಲ್ಲಿ ಎಷ್ಟು ಪಾಲು ಸರಿ ಎಂದು ಎಣಿಸುವುದು: ಅಮೆರಿಕದ ಯಾರ್ಕ್‌ಸ್ಟನ್ ಮತ್ತು ಬ್ಯೂಕೆಲ್‌ಮನ್ 1981ರಲ್ಲಿ, ನರದೌರ್ಬಲ್ಯದಿಂದ ಮಾತು ತೊದಲುವವರಿಗಾಗಿ, ಇದಕ್ಕೊಂದು ಕಟ್ಟುನಿಟ್ಟಿನ ರೂಪ ಕೊಟ್ಟಿದ್ದರು. ಒಬ್ಬ ಕೇಳುಗನಿಗೆ ಒಂದು ಪಟ್ಟಿ ಒಮ್ಮೆ ಮಾತ್ರ.

"ಪದ ಬಿಟ್ಟು ವಾಕ್ಯ ಕೊಟ್ಟರೆ?"

"ಕೊಡ್ತೀವಿ. ಆದ್ರೆ ಯಾವ ವಾಕ್ಯ? ಒಬ್ಬ ವಿದ್ಯಾರ್ಥಿ ಗಾದೆಗಳ ಪಟ್ಟಿ ಮಾಡಿಕೊಂಡು ಬಂದಿದ್ದ. 'ಕೈ ಕೆಸರಾದರೆ' ಅಂತ ಇನ್ನೂ ಮುಗಿಸಿರಲ್ಲ, ಕೇಳೋರು 'ಬಾಯಿ ಮೊಸರು' ಅಂತ ಬರೆದಿರ್ತಾರೆ. ಎಲ್ಲರಿಗೂ ನೂರಕ್ಕೆ ನೂರು."

ಡಾಕ್ಟರು ನಕ್ಕರು. ನಗುವಿನ ಹಿಂದೆಯೇ ಇನ್ನೊಂದು ಸಂಶಯ. "ಇಂಗ್ಲಿಷಿನಲ್ಲಿ ಒಳ್ಳೊಳ್ಳೆ ಪರೀಕ್ಷೆಗಳಿವೆ. ಅನುವಾದ ಮಾಡಿಕೊಂಡ್ರೆ ಆಗಲ್ವಾ?"

"ಅಲ್ಲಿ ತ ಬೇರೆ, ಟ ಬೇರೆ ಅಂತ ಇಲ್ಲ. ಳ ಇಲ್ಲ, ಣ ಇಲ್ಲ. ನಾಲಿಗೆ ತುದಿ ಮಡಚಿ ಹೇಳೋ ಅಕ್ಷರಗಳು ಆಪರೇಷನ್ ಆದ ಮೇಲೆ ಮೊದಲು ಹೋಗ್ತವೆ, ಅವನ್ನೇ ಆ ಪಟ್ಟಿ ಕೇಳಲ್ಲ. ಬೆಲೆ-ಬೆಳೆ, ಮನೆ-ಮಣೆ, ಕಾಲು-ಕಾಳು, ಹಾಲು-ಹಾಳು, ಕತ್ತೆ-ಕಟ್ಟೆ, ಕುದಿ-ಕುಡಿ. ರೈತ ಮಾರ್ಕೆಟ್ಟಲ್ಲಿ ಬೆಳೆ ಅಂದದ್ದು ಬೆಲೆ ಅಂತ ಕೇಳಿದ್ರೆ ವ್ಯಾಪಾರ ಏನಾಗಬೇಕು? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ 1972ರಲ್ಲೇ ಕನ್ನಡದ ಉಚ್ಚಾರಣಾ ಪರೀಕ್ಷೆ ಮಾಡಿದ್ದಾರೆ. ಅದು ಮುಖ್ಯವಾಗಿ ಮಕ್ಕಳಿಗೆ, ಚಿತ್ರ ತೋರಿಸಿ ಹೇಳಿಸೋದು. ಅರುವತ್ತರ ಅಜ್ಜನಿಗೆ ಆನೆ, ಕೊಡೆ ಚಿತ್ರ ತೋರಿಸಿದ್ರೆ ಬೇಜಾರಾಗ್ತಾರೆ. ಅದರ ಅಸ್ಥಿಪಂಜರ ಇಟ್ಟುಕೊಂಡು ದೊಡ್ಡವರ ಪದ ತುಂಬಿಕೊಂಡಿದ್ದೀನಿ."

"ಎಣಿಸೋದಾದ್ರೂ ಒಂದೇ ಥರ ತಾನೆ?"

"ಅದೂ ಇಲ್ಲ. 'ಹೋಗಬೇಕಾಗಿತ್ತಂತೆ', ನಮಗೆ ಒಂದು ಪದ. ಇಂಗ್ಲಿಷಿನವರಿಗೆ ನಾಲ್ಕೈದು. ಅದರಲ್ಲಿ ಒಂದು ತ ತೊದಲಿತು ಅಂತ ಇಡೀ ಪದ ತಪ್ಪು ಅಂದ್ರೆ ಕನ್ನಡದ ರೋಗಿಗೆ ಅಂಕ ಸುಮ್ನೆ ಕಡಿಮೆ ಬರುತ್ತೆ. ಇನ್ನೊಂದು ದೇಶದ ಅಂಕದ ಪಕ್ಕ ನಮ್ಮದನ್ನ ಇಟ್ಟು ನಮ್ಮ ಸರ್ಜರಿ ಹಿಂದೆ ಬಿದ್ದಿದೆ ಅನ್ನೋ ಮುಂಚೆ ಇದನ್ನ ನೋಡಬೇಕು. ನಾನು ಉದ್ದ ಪದಗಳನ್ನ ಅಕ್ಷರದ ಲೆಕ್ಕದಲ್ಲಿ ಎಣಿಸ್ತೀನಿ."

ಇದರ ಇನ್ನೊಂದು ಮಗ್ಗುಲು ಊರಿನ ಮಾತು. ಹಳೆ ಮೈಸೂರಿನ ಹಳ್ಳಿಯಿಂದ ಬಂದ ರೋಗಿ ಹಾಲನ್ನು 'ಆಲು' ಎಂದರೆ, ಶಾಲೆಯನ್ನು 'ಸಾಲೆ' ಎಂದರೆ, ಅದಕ್ಕೂ ಸರ್ಜನ್ನಿನ ಕತ್ತಿಗೂ ಸಂಬಂಧವಿಲ್ಲ. ಅವರಪ್ಪನೂ ಹಾಗೇ ಅನ್ನುತ್ತಿದ್ದರು. ಮಹಾಪ್ರಾಣ ದಿನನಿತ್ಯದ ಮಾತಿನಲ್ಲಿ ಯಾರ ಬಾಯಲ್ಲೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಕಲಬುರಗಿಯಿಂದ ಬಂದವರ ಮನೆಮಾತು ದಖನಿ ಉರ್ದು ಆಗಿದ್ದರೆ ಕನ್ನಡದ ಪಟ್ಟಿ ಅವರ ಕನ್ನಡವನ್ನು ಅಳೆಯುತ್ತದೆಯೇ ಹೊರತು ಬಾಯಿಯನ್ನಲ್ಲ. ಆಪರೇಷನ್ ಆದ ಮೇಲಿನ ಮಾತನ್ನು ಪಠ್ಯಪುಸ್ತಕದ ಕನ್ನಡದ ಪಕ್ಕದಲ್ಲಿಟ್ಟರೆ ಅನ್ಯಾಯ. ಇಡಬೇಕಾದ್ದು ಅದೇ ರೋಗಿಯ ಹಿಂದಿನ ಮಾತಿನ ಪಕ್ಕದಲ್ಲಿ. ಅದು ರೆಕಾರ್ಡ್ ಆಗಿದ್ದರೆ ತಾನೆ?

ಹಿರಿಯಾಕೆಯ ನಿಜವಾದ ತಕರಾರು ಇದೇ ಎಂದು ಡಾಕ್ಟರಿಗೆ ತಿಳಿಯಿತು. ಬಯಾಪ್ಸಿ, ಸ್ಕ್ಯಾನ್, ರಕ್ತ, ಅರಿವಳಿಕೆಯವರ ಒಪ್ಪಿಗೆ ಎಲ್ಲವೂ ಫೈಲಿನಲ್ಲಿ ಇರುತ್ತವೆ. ಕತ್ತರಿಸಲಿರುವ ನಾಲಿಗೆ ಹಿಂದಿನ ದಿನ ಹೇಗೆ ಮಾತಾಡುತ್ತಿತ್ತು ಎಂಬುದಕ್ಕೆ ಮಾತ್ರ ದಾಖಲೆಯಿಲ್ಲ. ಹುಣ್ಣಿನ ನೋವಿನಿಂದ ಆಗಲೇ ಮಾತು ಕುಗ್ಗಿರುತ್ತದೆ ನಿಜ. ಅದೂ ಗೊತ್ತಿರಬೇಕು.

"ಕಂಪ್ಯೂಟರ್ ಮಾಡಲ್ವಾ ಮೇಡಂ ಇದನ್ನ? ಈಗ ಫೋನೇ ನಾವು ಹೇಳಿದ್ದನ್ನ ಬರೆದುಕೊಳ್ಳುತ್ತೆ."

"ಜರ್ಮನಿಯ ಎರ್ಲಾಂಗನ್‌ನಲ್ಲಿ ಮಾಡಿದ್ರು. ಉತ್ತರದ ಗಾಳಿ ಮತ್ತು ಸೂರ್ಯನ ಕಥೆ, ಈಸೋಪನದ್ದು, 108 ಪದ. ಬಾಯಿ ಕ್ಯಾನ್ಸರ್ ಆಪರೇಷನ್ ಆದವರ ಕೈಲಿ ಓದಿಸಿ ಕಂಪ್ಯೂಟರಿಗೆ ಕೇಳಿಸಿದ್ರು. ಆರೋಗ್ಯವಂತರ ಮಾತು ಕೇಳಿ ಕಲಿತ ಯಂತ್ರ, ಎಷ್ಟು ಪದ ಸರಿಯಾಗಿ ಗುರುತಿಸ್ತು ಅಂತ ನೋಡೋದು. 2008ರಲ್ಲಿ ಪ್ರಕಟ ಆಯ್ತು. ನುರಿತ ಕಿವಿಗಳು ಕೊಟ್ಟ ಅಂಕಕ್ಕೂ ಯಂತ್ರದ ಅಂಕಕ್ಕೂ ಹೊಂದಾಣಿಕೆ 0.9ರ ಆಸುಪಾಸು. ಚೆನ್ನಾಗೇ ಇದೆ. ಯಂತ್ರಕ್ಕೆ ಬೇಸರ ಇಲ್ಲ, ಮಮತೆ ಇಲ್ಲ, ಮೂರು ತಿಂಗಳು ಕಳೆದು ಬಂದ್ರೂ ಅದೇ ಕಿವಿ. ಆದ್ರೆ ನಮ್ಮ ಫೋನಿನ ಕನ್ನಡಕ್ಕೆ ನನ್ನ ಸೋದರಮಾವನ ಹಾವೇರಿ ಕನ್ನಡಾನೇ ಅರ್ಥ ಆಗಲ್ಲ. ಅವರಿಗೆ ಆಪರೇಷನ್ನೇನೂ ಆಗಿಲ್ಲ!"

ಯಂತ್ರ ಒಪ್ಪುವಂಥ ಬೇರೆ ಅಳತೆಗಳೂ ಇವೆ. 'ಪ-ತ-ಕ, ಪ-ತ-ಕ' ಎಂದು ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಹೇಳಿಸುವುದು ಒಂದು. ಆರೋಗ್ಯವಂತರು ಸೆಕೆಂಡಿಗೆ ಐದಾರು ಅಕ್ಷರ ಸಲೀಸಾಗಿ ಹೇಳುತ್ತಾರೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಬೋರ್ಸ್ಮಾ ಮತ್ತು ವೀನಿಂಕ್ ಮಾಡಿ ಪುಕ್ಕಟೆ ಹಂಚಿದ ಪ್ರಾಟ್ ಎಂಬ ತಂತ್ರಾಂಶದಲ್ಲಿ ಈ, ಆ, ಊ ಮೂರು ಸ್ವರಗಳ ಅನುರಣನವನ್ನು ಗುರುತಿಸಿದರೆ ಒಂದು ತ್ರಿಕೋನ ಮೂಡುತ್ತದೆ. ನಾಲಿಗೆ ಮುಂದೆ ಮೇಲೆ ಏರದಾದಾಗ 'ಈ' ಒಳಕ್ಕೆ ಸರಿದು ತ್ರಿಕೋನ ಕುಗ್ಗುತ್ತದೆ. ಪರದೆಯ ಮೇಲೆ ಅದನ್ನು ಕಂಡ ರೋಗಿಗಳು ವಾರದಿಂದ ವಾರಕ್ಕೆ ಹಿಗ್ಗಿತೇ ಎಂದು ಕೇಳುತ್ತಾರಂತೆ.

"ಇಷ್ಟೆಲ್ಲ ಅಳೆದು ಶೇಕಡಾ 90 ಬಂತು ಅಂದುಕೊಳ್ಳಿ. ಆಗಲಾದ್ರೂ ತೃಪ್ತಿಕರ ಅನ್ನಬಹುದಾ?"

"ರೋಗಿಯನ್ನ ಕೇಳಿ. ಅದಕ್ಕೂ ಪ್ರಶ್ನಾವಳಿ ಇದೆ, ಆಮ್‌ಸ್ಟರ್‌ಡ್ಯಾಮಿನ ಇನ್ನೊಂದು ಗುಂಪು 2008ರಲ್ಲಿ ಮಾಡಿದ್ದು. 30 ಪ್ರಶ್ನೆ, 0ಯಿಂದ 120ರವರೆಗೆ ಅಂಕ, ಹೆಚ್ಚಾದಷ್ಟೂ ತೊಂದರೆ ಹೆಚ್ಚು. 6 ದಾಟಿದ್ರೇನೇ ದಿನನಿತ್ಯದ ಮಾತಿಗೆ ತೊಂದರೆ ಇದೆ ಅಂತ ಅವರು ಗೆರೆ ಹಾಕಿದ್ರು. ನೋಡಿ, 120ಕ್ಕೆ ಬರೀ 6! ಗುರುತಿಲ್ಲದವರು ನನ್ನ ಮಾತು ಹಿಡಿಯೋಕೆ ಒದ್ದಾಡ್ತಾರಾ, ಫೋನ್ ಬಂದ್ರೆ ಎತ್ತದೆ ಬಿಡ್ತೀನಾ, ಇಂಥವು. ನಿಮ್ಮ 90 ಬಂದವರು ತಾಳಮದ್ದಳೆ ಅರ್ಥಧಾರಿ ಆಗಿದ್ರೆ ಕಳೆದ ಹತ್ತೇ ಅವರಿಗೆ ಎಲ್ಲಾನೂ. 60 ಬಂದವರು ಕಿರಾಣಿ ಅಂಗಡಿಯವರಾಗಿದ್ರೆ, ಗಿರಾಕಿಗಳೆಲ್ಲ ಹಳಬರು, ಗಲ್ಲಾಪೆಟ್ಟಿಗೆ ನಡೆಯುತ್ತೆ."

"ಯಾವಾಗ ಯಾವಾಗ ಅಳೀಬೇಕು?"

"ಆಪರೇಷನ್ನಿಗೆ ಮುಂಚೆ. ಗಾಯ ಮಾಗಿ, ಕರೆಂಟ್ ಶುರುವಾಗೋ ಮುಂಚೆ. ಮುಗಿದ ಮೇಲೆ. ಆರು ತಿಂಗಳಿಗೆ, ವರ್ಷಕ್ಕೆ. ಅಮೆರಿಕದಲ್ಲಿ ಪೌಲೋಸ್ಕಿ ಅವರು 90ರ ದಶಕದಲ್ಲಿ ವರ್ಷಪೂರ್ತಿ ಹಿಂಬಾಲಿಸಿ ನೋಡಿದಾಗ, ಬಿಟ್ಟುಬಿಟ್ಟರೆ ತಾನಾಗಿ ಆಗೋ ಸುಧಾರಣೆ ಬಹಳ ಕಮ್ಮಿ ಇತ್ತು. ನಮ್ಮಲ್ಲಿ 'ದಿನ ಕಳೆದ ಹಾಗೆ ಸರಿಹೋಗುತ್ತೆ ಹೋಗಿ' ಅಂತ ಕಳಿಸ್ತೀವಲ್ಲ, ಆ ಮೊದಲ ಮೂರು ತಿಂಗಳೇ ನನಗೆ ಬೇಕಾಗಿದ್ದವು."

ಕಾಫಿ ತಣ್ಣಗಾಗಿತ್ತು. ಡಾಕ್ಟರು ಫೋನ್ ತೆಗೆದು ಮರುದಿನದ ಥಿಯೇಟರ್ ಪಟ್ಟಿ ನೋಡಿದರು.

"ನಾಳೆ ಮೊದಲನೇ ಕೇಸು ನಾಲಿಗೆಯ ಎಡಭಾಗ. ಈಗಲೇ ವಾರ್ಡಿಂದ ಕಳಿಸಲಾ?"

"ಕಳಿಸಿ. ಯಾವೂರು?"

"ವಿಜಯಪುರದ ಕಡೆ. ತಾಂಡಾದವರು. ಕನ್ನಡ ಬರುತ್ತೆ, ಮನೇಲಿ ಲಂಬಾಣಿ."

ಹಿರಿಯಾಕೆ ಪದಪಟ್ಟಿಯ ಕಡತ ತೆರೆದವರು ಮುಚ್ಚಿಬಿಟ್ಟರು. "ಲಂಬಾಣಿ ಪಟ್ಟಿ ನನ್ನ ಹತ್ತಿರ ಇಲ್ಲ. ಜೊತೆಗೆ ಯಾರಿದ್ದಾರೆ?"

"ಹೆಂಡತಿ, ದೊಡ್ಡ ಮಗಳು. ಮಗಳು ಡಿಗ್ರಿ ಓದ್ತಿದಾಳೆ."

"ಮಗಳನ್ನೂ ಕರ್ಕೊಂಡು ಬನ್ನಿ. ಕೇಳೋಕಲ್ಲ, ಪಟ್ಟಿ ಮಾಡೋಕೆ. ಮನೆ, ಅಡುಗೆ, ಹೊಲ, ಮಕ್ಕಳ ಹೆಸರು, ದಿನಾ ಬಾಯಲ್ಲಿ ಬರೋ ಐವತ್ತು ಪದ ಅವಳ ಕೈಲೇ ಬರೆಸೋಣ. ನಾಳೆ ಅರಿವಳಿಕೆಯವರು ಎಷ್ಟು ಗಂಟೆಗೆ ಕರೀತಾರೆ?"

"ಏಳೂವರೆಗೆ."

"ಹಾಗಾದ್ರೆ ಇವತ್ತೇ. ಅಂದಹಾಗೆ, ಕೇಳೋಕೆ ಲಂಬಾಣಿ ಬರೋ ಮೂರು ಜನ ಬೇಕು, ಅವರನ್ನ ನೋಡಿಲ್ಲದೋರು. ಕೆಳಗೆ ಬ್ಲಡ್ ಬ್ಯಾಂಕಲ್ಲಿ ಒಬ್ಬರಿದ್ದಾರೆ. ಇನ್ನಿಬ್ಬರನ್ನ ನೀವು ಹುಡುಕಿ."